ಅಂಟದ ರೆಕ್ಕೆ

"ಕೈ ಬಿಡಿ!"

"ನೀವೇ ಬಿಡಿ. ಮೊದಲು ಮುಟ್ಟಿದ್ದು ನಾನು!"

ಅಂಗಡಿಯ ಕೊನೆಯ ಕಪಾಟಿನ ಮುಂದೆ ಒಂದೇ ಪೆಟ್ಟಿಗೆಗೆ ನಾಲ್ಕು ಕೈಗಳು. ಒಳಗಿದ್ದದ್ದು ಜೋಡು ರೆಕ್ಕೆಯ ಹಳೇ ವಿಮಾನದ ಮಾದರಿ. ಮುನ್ನೂರ ಹನ್ನೆರಡು ಬಿಡಿಭಾಗ, ಕೂದಲೆಳೆಯಂಥ ತಂತಿಗಳು. ಉಳಿದಿದ್ದದ್ದು ಅದೊಂದೇ.

ಅವಳು ದಂತವೈದ್ಯೆ. ಹಿಡಿದ ಹಲ್ಲನ್ನು ಕೀಳದೆ ಬಿಟ್ಟವಳಲ್ಲ. ಅವನು ಗಡಿಯಾರ ರಿಪೇರಿಯವನು. ಆ ಪೆಟ್ಟಿಗೆಗಾಗಿ ಮೂರು ತಿಂಗಳಿಂದ ಕಾದವನು.

"ನೋಡಿ, ಇದು ನಮ್ಮಪ್ಪನಿಗೆ," ಅವಳ ದನಿ ಇಳಿಯಿತು. "ಹೊಲಕ್ಕೆ ಔಷಧಿ ಸಿಂಪಡಿಸೋ ಇಂಥದ್ದೇ ವಿಮಾನಕ್ಕೆ ಮೆಕ್ಯಾನಿಕ್ ಆಗಿದ್ರು. ಲಕ್ವ ಹೊಡೆದು ನಾಲ್ಕು ತಿಂಗಳಾಯ್ತು. ಬಲಗೈ ಏಳಲ್ಲ... ಯಾರ ಹತ್ರಾನೂ ಮಾತಾಡಲ್ಲ."

ಅವನ ಹಿಡಿತ ತಕ್ಷಣ ಸಡಿಲವಾಯಿತು.

"ತಗೊಳ್ಳಿ. ಆದ್ರೆ ಮೇಲಿನ ರೆಕ್ಕೆ ಕೂರಿಸೋದು ಕಷ್ಟ. ಬೇಕಾದ್ರೆ ಫೋನ್ ಮಾಡಿ, ಇದು ನನ್ನ ಗಡಿಯಾರದಂಗಡಿ ಕಾರ್ಡು."

"ದಿನಾ ಹಲ್ಲು ಕೂರಿಸ್ತೀನಿ. ಒಂದು ರೆಕ್ಕೆ ಕೂರಿಸಲಾರೆನಾ?" ಎಂದು ಬೀಗುತ್ತಾ ಹೊರಟಳು.

ಹನ್ನೆರಡೇ ದಿನಕ್ಕೆ ಬೀಗುವುದು ನಿಂತಿತು. ವಿಮಾನದ ಮುಂದಿನ ಗಾಜಿನ ಮೇಲೆ ಅಂಟಿನ ಬೆರಳಚ್ಚು! ಮೇಲಿನ ರೆಕ್ಕೆಯಂತೂ ಕುಡುಕನ ಟೋಪಿಯ ಹಾಗೆ ವಾಲಿತ್ತು.

ಮಂಚದಿಂದ ಅದನ್ನು ನೋಡಿದ ಅಪ್ಪ ಗೊಳ್ಳೆಂದು ನಕ್ಕರು. "ಡಾಕ್ಟ್ರಮ್ಮ, ಇದನ್ನ ಹತ್ತೋನು ಮನೆಯವರಿಗೆಲ್ಲ ಕೊನೇ ಸಲ ಹೇಳಿ ಬರ್ಬೇಕು!"

ನಾಲ್ಕು ತಿಂಗಳಲ್ಲಿ ಮೊದಲ ನಗು... ಅವಳ ಕಣ್ಣು ತುಂಬಿತು. ಬಿಂಕ ನುಂಗಿಕೊಂಡು ಗಡಿಯಾರದ ಅಂಗಡಿಗೆ ಫೋನ್ ಮಾಡಿದಳು.

ಅವನು ಪ್ರತಿ ಭಾನುವಾರ ಬರತೊಡಗಿದ. ಒಂದು ತಂತಿಯನ್ನೂ ಅಪ್ಪನನ್ನು ಕೇಳದೆ ಮುಟ್ಟುತ್ತಿರಲಿಲ್ಲ. "ಇದು ಎಲ್ಲಿಗೆ ಹೋಗುತ್ತೆ ಯಜಮಾನ್ರೇ?" ಅಪ್ಪ ದಿಂಬಿಗೊರಗಿ ಕೂತು ಎಡಗೈಯಲ್ಲಿ ತೋರಿಸುವರು, ತಪ್ಪಿದರೆ ಗದರುವರು. ಅವಳು ಚಿಮುಟದಲ್ಲಿ ಒಂದೊಂದೇ ಚೂರು ಎತ್ತಿಕೊಡುವಳು. ಬೆರಳಿಗೆ ಬೆರಳು ತಾಗಿದರೆ ಇಬ್ಬರೂ ವಿಮಾನವನ್ನೇ ನೋಡುವರು!

ಆದರೆ ಒಂದು ವಿಚಿತ್ರ. ಭಾನುವಾರ ಗಟ್ಟಿಯಾಗಿ ಕೂತ ಮೇಲಿನ ರೆಕ್ಕೆ, ಮುಂದಿನ ಭಾನುವಾರದ ಹೊತ್ತಿಗೆ ಕಳಚಿರುತ್ತಿತ್ತು. ಒಂದಲ್ಲ, ಎರಡಲ್ಲ, ಮೂರು ಸಲ!

ನಾಲ್ಕನೇ ಸಲ ಅವಳ ತಾಳ್ಮೆಯ ಕಟ್ಟೆಯೊಡೆಯಿತು.

"ಬೇಕಂತಲೇ ಸರಿಯಾಗಿ ಅಂಟಿಸ್ತಿಲ್ಲ ಅಲ್ವಾ? ನಾವು ಬೇಸತ್ತು ನಿಮಗೇ ಕೊಟ್ಬಿಡ್ಲಿ ಅಂತ!"

ಅವನು ಒಮ್ಮೆ ಅಪ್ಪನತ್ತ ನೋಡಿದ. ಅಪ್ಪ ಇದ್ದಕ್ಕಿದ್ದಂತೆ ಸೂರು ನೋಡತೊಡಗಿದರು.

"ಕ್ಷಮಿಸಿ ಡಾಕ್ಟ್ರೇ," ಎಂದಷ್ಟೇ ಹೇಳಿ, ಸಲಕರಣೆಗಳನ್ನು ಎತ್ತಿಟ್ಟುಕೊಂಡು ಹೊರಟೇಬಿಟ್ಟ.

ಹಟಕ್ಕೆ ಬಿದ್ದು ಅವಳೇ ರೆಕ್ಕೆ ಅಂಟಿಸಿದಳು. ಸೊಟ್ಟಗಾದರೂ ನಿಂತಿತು. ಭಾನುವಾರ ಬಂತು, ಅವನು ಬರಲಿಲ್ಲ. ಅಪ್ಪ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. 'ಹೋದರೆ ಹೋಗಲಿ' ಅಂದುಕೊಂಡಳು. ಆದರೆ ಬಾಗಿಲು ಸದ್ದಾದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದಳಲ್ಲ... ಯಾಕೆ?

ಬುಧವಾರ ಮಧ್ಯಾಹ್ನ ಊಟಕ್ಕೆಂದು ಬೇಗ ಮನೆಗೆ ಬಂದವಳು ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಪ್ಪ ಮಂಚದಿಂದಿಳಿದು, ಮೇಜಿಗೆ ಆನಿಕೊಂಡು, ಎಡಗೈಯಲ್ಲಿ ಬ್ಲೇಡು ಹಿಡಿದು ರೆಕ್ಕೆಯ ಕಂಬ ಕೊಯ್ಯುತ್ತಿದ್ದರು!

"ಅಪ್ಪಾ! ಇಷ್ಟು ದಿನ... ನೀನಾ?"

ಅಪ್ಪ ಪೆಚ್ಚಾದರು. "ನೀನು ಅಂಟಿಸಿದ್ದು ಬಿದ್ರೆ ಅವನನ್ನ ಕರೀತೀಯ ಅಂದ್ಕೊಂಡೆ. ವಿಮಾನ ಮುಗಿದುಹೋದ್ರೆ ಅವನಿಗೆ ಇಲ್ಲೇನು ಕೆಲಸ? ಅವನೊಬ್ಬನೇ ನನ್ನನ್ನ ರೋಗಿ ಥರ ನೋಡದೆ ಮೆಕ್ಯಾನಿಕ್ ಥರ ನೋಡಿದ್ದು." ಸ್ವಲ್ಪ ತಡೆದು ತುಂಟ ದನಿಯಲ್ಲಿ ಸೇರಿಸಿದರು. "ಭಾನುವಾರ ನೀನು ಕನ್ನಡಿ ಮುಂದೆ ಎಷ್ಟು ಹೊತ್ತು ನಿಲ್ತೀಯ ಅಂತಾನೂ ನೋಡಿದೀನಿ. ಲಕ್ವ ಹೊಡೆದಿರೋದು ಕೈಗೆ ಮಗಳೇ, ಕಣ್ಣಿಗಲ್ಲ!"

ಊಟ ಮರೆತು ಅವಳು ಓಡಿದಳು.

ಗಡಿಯಾರದ ಅಂಗಡಿಯಲ್ಲಿ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ತಲೆಯೆತ್ತಿದ.

"ತಪ್ಪಾಯ್ತು..." ಅವಳು ಏದುಸಿರು ಬಿಡುತ್ತಿದ್ದಳು. "ಅಪ್ಪನ ಕೆಲಸ ಅಂತ ನಿಮಗೆ ಗೊತ್ತಿತ್ತಾ?"

"ಎರಡನೇ ವಾರವೇ ಗೊತ್ತಾಯ್ತು. ಬ್ಲೇಡಿನ ಗೀರಿತ್ತು."

"ಮತ್ಯಾಕೆ ಬೈಸ್ಕೊಂಡು ಸುಮ್ನೆ ಹೋದ್ರಿ?"

"ಮಗಳ ಮುಂದೆ ಅವರ ತಲೆ ತಗ್ಗಬಾರದು ಅನ್ನಿಸ್ತು. ಅದೂ ಅಲ್ದೆ... ರೆಕ್ಕೆ ನಿಂತುಬಿಟ್ರೆ ನನ್ನ ಭಾನುವಾರಗಳ ಗತಿ?" ಅವನ ಕಿವಿ ಕೆಂಪಾಗಿತ್ತು. "ನಮ್ಮಮ್ಮ ಕೇಳೇಬಿಟ್ರು, ವಿಮಾನ ಅಂಟಿಸೋಕೆ ಇಸ್ತ್ರಿ ಅಂಗಿ ಯಾಕೋ ಅಂತ."

"ಏನಂದ್ರಿ?"

"ಅಲ್ಲೊಬ್ರು ಹಲ್ಲಿನ ಡಾಕ್ಟ್ರಿದ್ದಾರೆ, ಅವರನ್ನ ನೋಡದಿದ್ರೆ ನನಗಾಗಲ್ಲ ಅಂದೆ."

"ಅದಕ್ಕೆ ಅಮ್ಮ?"

"'ಅಷ್ಟೊಂದು ಹಲ್ಲುನೋವೇನೋ' ಅಂದ್ರು!"

ಇಬ್ಬರೂ ನಕ್ಕರು. ನಗುನಗುತ್ತಲೇ ಅವಳ ಕಣ್ಣಂಚು ಒದ್ದೆಯಾಯಿತು.

"ಇವತ್ತೇ ಬಂದು ರೆಕ್ಕೆ ಕೂರಿಸಿ. ಇನ್ನು ನಿಮಗೆ ನೆಪ ಬೇಕಾಗಿಲ್ಲ," ಮೆಲ್ಲಗೆ ಹೇಳಿದಳು. "ಭಾನುವಾರ ಅಮ್ಮನ್ನೂ ಕರ್ಕೊಂಡು ಬನ್ನಿ."

"ಹಲ್ಲು ತೋರಿಸೋಕಾ?"

"ಅಲ್ಲ ಕಣ್ರೀ..." ಅವಳು ತಲೆ ತಗ್ಗಿಸಿದಳು. "ಸೊಸೆನ ನೋಡೋಕೆ!"