ಐಜದ ಹೊಲದ ಮುನ್ನೂರು ಚೀಟಿ

ಮಕ್ತಲದ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ಗುರುಪ್ರಸಾದ ಅಂದು ಬೆಳಿಗ್ಗೆ ಒಂಬತ್ತೂಕಾಲಿಗೆ ಶಟರ್ ಅರ್ಧ ಎತ್ತಿದ್ದ, ಅಷ್ಟರಲ್ಲಿ ತಂಗಿ ಶೈಲಜಾಳ ಫೋನು ಬಂತು. ಅವಳು ಅಳುತ್ತಿದ್ದಳು.

"ಅಣ್ಣಾ, ಹೊಲದಾಗ ಒಂದು ಚೀಟೀನೂ ಉಳಿದಿಲ್ಲ. ಹೂವು ಸೈತ ಕಿತ್ತು ಒಗದಾರ. ಮೂರು ಗಂಟೆಕ್ಕ ಹೈದರಾಬಾದಿನವರು ಬರ್ತಾರ. ಜಯಾಬಾಯಾರನ್ನ ಕರ್ಕೊಂಡು ಬಾ, ಹ್ಯಾಂಗಾರ ಮಾಡಿ ಬಾ."

ಎತ್ತಿದ ಶಟರನ್ನು ಅವನು ಹಾಗೇ ಕೆಳಗೆಳೆದ.

ತೆಲಂಗಾಣದ ಗದ್ವಾಲ ಜಿಲ್ಲೆಯಾಗಿ ಇನ್ನೂ ವರ್ಷ ತುಂಬದ ಸೆಪ್ಟೆಂಬರ್ ಅದು. ಶೈಲಜಾ ಅಲ್ಲಿಯ ಖಾಸಗಿ ಡಿಗ್ರಿ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದಳು. ಪ್ರತಿ ಜೂನಿಗೂ ನೌಕರಿ ಇದೆಯೋ ಇಲ್ಲವೋ ಎಂದು ಕೇಳಿಕೊಂಡು ಬರಬೇಕಾದ ಪೈಕಿ. ಹತ್ತಿರದ ಐಜದ ಸುತ್ತ ಹತ್ತಿ ಬೀಜ ಮಾಡುವ ಹೊಲಗಳೇ ಹೊಲಗಳು. ಅಲ್ಲಿ ಹೂವಿಗೆ ಹೂವನ್ನು ಕೈಯಿಂದಲೇ ಕೂಡಿಸುತ್ತಾರೆ. ಇಷ್ಟು ಹತ್ತಿರ ಇದ್ದೂ ಹುಡುಗರು ಪುಸ್ತಕದ ಚಿತ್ರ ನೋಡಿ ಪಾಸಾಗುವುದು ನಾಚಿಕೆಗೇಡು ಎಂದು ಅವಳು ಕಾಲು ಎಕರೆ ಹೊಲ ಗುತ್ತಿಗೆಗೆ ಹಿಡಿದು, ಇಪ್ಪತ್ತು ವಿದ್ಯಾರ್ಥಿಗಳಿಗೆ ಅಲ್ಲಿಯೇ ಪಾಠ ಶುರು ಮಾಡಿದ್ದಳು. ಮಾಡಿ ಕಲಿಯುವ ಇಂಥ ಪಾಠ ಕಟ್ಟುವ ಅಧ್ಯಾಪಕರಿಗೆ ಹೈದರಾಬಾದಿನ ಪ್ರತಿಷ್ಠಾನವೊಂದು ಎರಡು ವರ್ಷ ನೆರವು ಕೊಡುತ್ತಿತ್ತು: ಖರ್ಚು, ಬಲ್ಲವರ ಸಲಹೆ, ಉಳಿದ ಕ್ಲಾಸುಗಳಿಂದ ಅರ್ಧ ಬಿಡುವು. ನೆರವು ಸಿಕ್ಕರೆ ಪಾಠ ಉಳಿಯುತ್ತದೆ, ಪಾಠ ಉಳಿದರೆ ಶೈಲಜಾ ಉಳಿಯುತ್ತಾಳೆ. ವಿದ್ಯಾರ್ಥಿಗಳು ಕೂಡಿಸಿದ ಹೂವಿನಿಂದಾದ ಪ್ರತಿ ಕಾಯಿಗೂ ಅವರವರ ಹೆಸರು, ತಾರೀಕು ಬರೆದ ಚೀಟಿ ಕಟ್ಟಿದ್ದರು. ಅಂದು ಪರೀಕ್ಷಿಸಲು ಬರುವ ಪ್ರತಿಷ್ಠಾನದವರಿಗೆ ಯಾರು ಎಷ್ಟು ಕಲಿತರೆಂದು ತೋರಿಸಲು ಆ ಮುನ್ನೂರು ಚೀಟಿ ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಇನ್ನು ಜಯಾಬಾಯಿ. ಕಂದಾಯ ಇಲಾಖೆಯ ಗಿರ್ದಾವರ್ ಆಗಿ ಮೂವತ್ತು ವರ್ಷ ಹೊಲ ಹೊಲ ತಿರುಗಿ, ಯಾರ ಬದು ಯಾರು ಒತ್ತಿದ್ದಾರೆ ಎಂದು ನೋಡಿ ನೋಡಿ ಅವರ ಕಣ್ಣು ಹದವಾಗಿತ್ತು. ನಿವೃತ್ತರಾದ ಮೇಲೆ ಕಳೆದ ಒಡವೆ, ಕಾಣೆಯಾದ ಕಾಗದ ಎಂದು ನಾರಾಯಣಪೇಟೆಯಿಂದಲೂ ಜನ ಅವರ ಬಾಗಿಲಿಗೆ ಬರುತ್ತಿದ್ದರು. ಗುರುಪ್ರಸಾದನ ಪಾಲಿಗೆ ಬಂದದ್ದು ಅವರ ಚೀಲ ಹೊರುವುದು, ಹಳೆಯ ಓಮ್ನಿ ಓಡಿಸುವುದು, ನಡುನಡುವೆ ಬೈಸಿಕೊಳ್ಳುವುದು.

"ಪ್ರತಿಷ್ಠಾನಕ್ಕ ಕಳಿಸಿದ ಅರ್ಜಿ ಪ್ರತಿ ಐತೇನು?" ಗಾಡಿ ಹತ್ತುತ್ತಲೇ ಅವರು ಕೇಳಿದರು.

"ಟೈಪ್ ಮಾಡಿದವನ ನಾನು ಬಾಯಾರ. ಒಂದು ತಪ್ಪು ಹುಡುಕಿ ತೋರಿಸ್ರಿ ನೋಡೋಣ."

ಜೂರಾಲ ಅಣೆಕಟ್ಟು ದಾಟುವಾಗ ಜಯಾಬಾಯಿ ಕೊನೆಯ ಪುಟವನ್ನು ಗಟ್ಟಿಯಾಗಿ ಓದಿದರು. "ಬೋಧಕಿ, ಶೈಲಜಾ. ಮಾರ್ಗದರ್ಶಕರು, ಹಿರಿಯ ಅಧ್ಯಾಪಕ ವ್ಯಾಸರಾಜ. ವಿದ್ಯಾರ್ಥಿಗಳು ಇಪ್ಪತ್ತು. ಸಾಮಗ್ರಿ: ದಾರ, ಕೆಂಪು ಕಾಗದ, ಗೊಬ್ಬರ, ಹೆಣ್ಣಾಳು ಒಂದು." ಕಾಗದ ಮಡಚಿಟ್ಟು ಐಜ ಬರುವವರೆಗೂ ಕಿಟಕಿಯಾಚೆಯ ಹೊಲಗಳನ್ನು ನೋಡುತ್ತ ಕುಳಿತರು. ಗುರುಪ್ರಸಾದ ಮಾತ್ರ ಎದುರು ಬಂದ ಪ್ರತಿ ಲಾರಿಗೂ ಹಾರನ್ ಬಾರಿಸುತ್ತ, ಗಡಿಯಾರ ನೋಡುತ್ತ, ಮೈಯೆಲ್ಲ ಬೆವರುತ್ತ ಹೋದ.

ಹೊಲ ಮುಟ್ಟಿದಾಗ ಹನ್ನೊಂದೂಕಾಲು. ಹುಡುಗರು ಬದುವಿನ ಮೇಲೆ ಗುಂಪಾಗಿ ನಿಂತಿದ್ದರು. ಸಾಲಿನೊಳಗೆ ಬಗ್ಗಿ ಕೆಲಸ ಮಾಡುತ್ತಿದ್ದವಳು ಅನ್ನಮ್ಮ ಒಬ್ಬಳೇ. ಸುತ್ತಲಿನ ಬೀಜದ ಹೊಲಗಳಲ್ಲಿ ದುಡಿದು ತಲೆ ನೆರೆದವಳು. ಶೈಲಜಾಳಿಗೂ ಹುಡುಗರಿಗೂ ಹೂವು ಕೂಡಿಸುವುದನ್ನು ಬೆರಳು ಹಿಡಿದು ಕಲಿಸಿದವಳು ಅವಳೇ.

"ಅಳಕೋತ ಕುಂತ್ರ ಹೂವು ಕಾಯತಾವೇನ್ರಿ?" ಎಂದಳು ಅವಳು, ತಲೆ ಎತ್ತದೆ. "ನಾ ಬಂದಾಗ ಹಿಂಗ ಇತ್ತು. ಹೊತ್ತು ಏರಿದ್ರ ಇವತ್ತಿನದೂ ಕೆಡತೈತಿ."

ವ್ಯಾಸರಾಜ ಮುಂದೆ ಬಂದರು. ಕರಿ ಬೂಟು ಫಳಫಳ ಹೊಳೆಯುತ್ತಿತ್ತು. "ಹುಡುಕೋದೇನೈತ್ರಿ ಇದರಾಗ? ಕಾವ್ಯ ಅನ್ನೋ ಹುಡುಗಿಯ ಅಂಕ ಹೋದ ವಾರ ಶೈಲಜಾ ಕಡಿಮಿ ಮಾಡಿದ್ಲು. ನಿನ್ನೆ ಕತ್ತಲಾಗೋ ಹೊತ್ತಿಗೆ ಆಕಿ ಅಳಕೋತ ಹೊಲದಿಂದ ಹೋದದ್ದನ್ನ ಕಾವಲುಗಾರ ನೋಡ್ಯಾನ. ಹೆಸರು ಬರೆದು ಪ್ರಿನ್ಸಿಪಾಲರಿಗೆ ಕಳಿಸಿದ್ರ ಮುಗೀತು. ಈ ಹೊಲದ ಪಾಠ ಬ್ಯಾಡ ಅಂತ ನಾ ಮೊದಲ ಹೇಳಿದ್ದೆ."

ಕಾವ್ಯ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. ಗುರುಪ್ರಸಾದನಿಗೆ ಅವಳ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಎರಡರಲ್ಲಿ ಯಾವುದನ್ನು ನಂಬಬೇಕೋ ತಿಳಿಯಲಿಲ್ಲ.

ಜಯಾಬಾಯಿ ಚಪ್ಪಲಿ ಬಿಟ್ಟು ಕಾವಲುಗಾರ ತಾಯಪ್ಪನನ್ನು ಕರೆದರು. "ನೀ ಎಷ್ಟೊತ್ತಿಗೆ ಮನಿಗೆ ಹೋದಿ?"

"ಇವತ್ತು ಮುಂಜಾನಿ ಏಳಕ್ಕ ಹೋಗಿ ಒಂಬತ್ತಕ್ಕ ಬಂದ್ನಿ ಬಾಯಿ. ಎಂಟೂವರೆಕ್ಕ ಈ ಸಾರು ಕಾರಿನಾಗ ಹೊಲದ ಕಡೆ ಹೋಗೂದು ಕಂಡೆ."

ವ್ಯಾಸರಾಜರ ಮುಖ ಕೆಂಪಾಯಿತು. "ಬಂದಿದ್ದೆ. ಬದುವಿನ ಮ್ಯಾಲೆ ಒಂದು ಗಳಿಗಿ ನಿಂತೆ, ಎತ್ತರದ ಗಿಡದಾಗ ಯಾರೂ ಕಾಣಲಿಲ್ಲ, ಚಾ ಕುಡಿಯಾಕ ಊರಿಗೆ ಹೋದೆ. ಅದೂ ತಪ್ಪೇನ್ರಿ?"

"ಇರಲಿ. ತಾಯಪ್ಪ, ಇದರಾಗ ಹೆಣ್ಣು ಸಾಲು ಯಾವುದು, ಗಂಡು ಸಾಲು ಯಾವುದು?"

ತಾಯಪ್ಪ ಧೈರ್ಯವಾಗಿ ಕೈ ತೋರಿಸಿದ. ಹುಡುಗರು ಆ ಗಲಾಟೆಯಲ್ಲೂ ನಕ್ಕರು. ಅವನು ತೋರಿಸಿದ್ದು ಪೂರಾ ಉಲ್ಟಾ.

ಜಯಾಬಾಯಿ ಕಾವ್ಯಳನ್ನು ಜೊತೆಗೆ ಕರೆದುಕೊಂಡು ಸಾಲಿಗೆ ಇಳಿದರು. ಹಿಂದಿನ ಸಂಜೆ ನೀರು ಬಿಟ್ಟಿದ್ದರಿಂದ ಸಾಲಿನ ಮಣ್ಣು ಕೆಸರಾಗಿತ್ತು, ಅದರ ತುಂಬ ಬರಿಗಾಲಿನ ಗುರುತು. "ಕೆಲಸ ಹ್ಯಾಂಗ ಮಾಡ್ತೀರಿ, ಹೇಳವ್ವ."

"ಮಧ್ಯಾಹ್ನ ಹೆಣ್ಣು ಸಾಲಿನ ಮೊಗ್ಗು ಸುಲಿದು, ಅದರ ಗಂಡು ಭಾಗ ತಗದು, ಕೆಂಪು ಕಾಗದದ ಟೊಪ್ಪಿಗಿ ಹಾಕ್ತೀವ್ರಿ. ಮರುದಿನ ಮುಂಜಾನಿ ಗಂಡು ಸಾಲಿನ ಹೂವು ತಂದು ಮುಟ್ಟಸ್ತೀವಿ."

"ಸುಲಿಯಾಕ ಮರೆತ ಮೊಗ್ಗು?"

"ಅದು ತಾನ ಅರಳಿ ಬೀಜ ಕೆಡಸತೈತ್ರಿ."

"ಎಷ್ಟೊತ್ತಿಗೆ ಅರಳತೈತಿ?"

"ಬಿಸಿಲು ಬಿದ್ದ ಮ್ಯಾಲೆ. ಎಂಟರ ಸುಮಾರು."

ಕಿತ್ತ ಹೂವಿನ ರಾಶಿ ಹೊಲದ ಆಚೆ ಬದುವಿನ ಹೊರಗೆ ಬಿದ್ದಿತ್ತು. ಎಲ್ಲವೂ ಪೂರಾ ಅರಳಿದ, ಕೆನೆ ಬಣ್ಣದ ಹೂವು. ಜಯಾಬಾಯಿ ಒಂದನ್ನು ಬೆರಳಿಗೆ ಉಜ್ಜಿ ಹಳದಿ ಪುಡಿ ನೋಡಿದರು. ಗಂಡು ಸಾಲಿನ ಹೂವು ಗಿಡದಲ್ಲೇ ಇದ್ದವು. ಹೆಣ್ಣು ಸಾಲಿನ ಕೆಂಪು ಟೊಪ್ಪಿಗೆಗಳೂ ಹಾಗೆಯೇ ಇದ್ದವು. ಆಮೇಲೆ ಅವರು ಕಾವ್ಯಳ ಚೀಲ ಕೇಳಿದರು. ಅದರಲ್ಲಿ ಶೈಲಜಾ ಹುಡುಗರಿಗೆಲ್ಲ ಹಂಚಿದ್ದ ಅರ್ಜಿಯ ಒಂದು ಪ್ರತಿ ಇತ್ತು, ಕೊನೆಯ ಪುಟದಲ್ಲಿ ಹೆಬ್ಬೆರಳಿನಷ್ಟು ಹಸಿರು ಕಲೆ.

"ಇದನ್ನ ಯಾರಿಗೆ ತೋರಿಸಿದ್ದಿ?"

ಕಾವ್ಯ ಖಾಲಿ ಚೀಲವನ್ನು ಎದೆಗೆ ಅವಚಿಕೊಂಡು ಅಳಲು ಶುರು ಮಾಡಿದಳು.

ಗಂಟೆ ಒಂದಾಯಿತು. ಗುರುಪ್ರಸಾದ ಬದುವಿನ ಈ ತುದಿಯಿಂದ ಆ ತುದಿಗೆ ಅಡ್ಡಾಡಿ ಅಡ್ಡಾಡಿ ಸುಸ್ತಾದ. ಜಯಾಬಾಯಿ ಎಲ್ಲರನ್ನೂ ಪಂಪ್‌ಸೆಟ್ಟಿನ ಕೋಣೆಯ ನೆರಳಿಗೆ ಕರೆದು, ತಾವು ಒಂದು ಗೊಬ್ಬರದ ಚೀಲದ ಮೇಲೆ ಕುಳಿತರು.

"ಎಲ್ಲಾರೂ ಇದು ಸಂಜಿ ಇಲ್ಲಾ ರಾತ್ರಿ ಆಗಿರಬೇಕು ಅಂದ್ರಿ," ಎಂದು ಶುರು ಮಾಡಿದರು. "ಕಿತ್ತ ಹೂವು ಪೂರಾ ಅರಳ್ಯಾವ, ಪುಡಿ ಉದುರೈತಿ. ಅಂದ್ರ ಕಿತ್ತದ್ದು ಇವತ್ತು ಎಂಟರ ಮ್ಯಾಲೆ. ಕಾವ್ಯ ರಾತ್ರಿ ಗದ್ವಾಲದ ಹಾಸ್ಟೆಲಿನಾಗ ಇದ್ಲು, ಒಂಬತ್ತೂವರೆ ಬಸ್ಸಿಗೆ ಎಲ್ಲಾರ ಜೋಡಿ ಬಂದ್ಲು. ಆಕಿ ಅಲ್ಲ."

ಶೈಲಜಾ ಕಾವ್ಯಳ ಭುಜದ ಮೇಲೆ ಕೈಯಿಟ್ಟಳು.

"ಎಂಟೂವರೆಕ್ಕ ಬಂದವರು ವ್ಯಾಸರಾಜರು. ಸಾಲಿನಾಗ ಪಾದ ಮುಳುಗೋ ಕೆಸರೈತಿ, ಅವರ ಬೂಟು ಕನ್ನಡಿ ಆಗೈತಿ, ಅಲ್ಲಿ ಬೂಟಿನ ಗುರುತೂ ಇಲ್ಲ. ಇಡೀ ವರ್ಷ ಹೊಲಕ್ಕ ಇಳಿಯದ ಮಾರ್ಗದರ್ಶಕರು ಇವತ್ತೂ ಇಳಿದಿಲ್ಲ." ಯಾರೋ ಕಿಸಕ್ಕನೆ ನಕ್ಕರು. "ತಾಯಪ್ಪಗ ಹೆಣ್ಣು ಸಾಲು ಯಾವುದಂತ ಗೊತ್ತಿಲ್ಲ. ಬಂದವರು ಹೂವು ಕಿತ್ತದ್ದು ಹೆಣ್ಣು ಸಾಲಿನಾಗ ಮಾತ್ರ. ಹಂಗಂತ ಟೊಪ್ಪಿಗಿ ಒಂದೂ ಮುಟ್ಟಿಲ್ಲ. ಹುಡುಗರು ನಿನ್ನೆ ಸುಲಿಯಾಕ ಮರೆತವು ಯಾವುವೋ ಅಷ್ಟನ್ನ ಆರಿಸಿ ಕಿತ್ತಾರ. ಪುಡಿ ಹಾರಬಾರದಂತ ಬದುವಿನ ಆಚೆ ಒಗದಾರ. ಹಾಳು ಮಾಡಾಕ ಬಂದವರು ಹೊಲ ಚೊಕ್ಕ ಮಾಡಿ ಹೋಗ್ತಾರೇನು? ಚೀಟಿ ಹರಿಯಾಕ ಬಂದ ಕೈ, ಕೆಟ್ಟ ಹೂವು ಕಂಡಾಗ ಸುಮ್ಮನ ಇರಲಿಲ್ಲ. ಅದು ಎಷ್ಟೋ ವರ್ಷ ದುಡಿದ ಕೈ."

ಯಾರೂ ಅನ್ನಮ್ಮನ ಕಡೆ ನೋಡಲಿಲ್ಲ. ನೋಡದಿರಲು ಎಲ್ಲರೂ ಕಷ್ಟಪಡುತ್ತಿದ್ದದ್ದು ಗುರುಪ್ರಸಾದನಿಗೆ ಕಾಣುತ್ತಿತ್ತು.

"ಯಾಕ ಮಾಡಿದ್ರು ಅನ್ನೋದು ಈ ಪುಟದಾಗ ಐತಿ," ಜಯಾಬಾಯಿ ಕಾವ್ಯಳ ಪ್ರತಿಯನ್ನು ಎತ್ತಿ ಹಿಡಿದರು. "ಈ ಹಸಿರು ಕಲೆ ಮೊಗ್ಗು ಸುಲಿದ ಬೆರಳಿಂದು. 'ನನ್ನ ಹೆಸರು ಎಲ್ಲೈತಿ ತೋರಸವ್ವ' ಅಂತ ನಿನ್ನೆ ಯಾರೋ ಕೇಳ್ಯಾರ. ಕಾವ್ಯ ಸುಳ್ಳು ಹೇಳಲಾರದ ಹುಡುಗಿ. ಇದ್ದದ್ದನ್ನ ಓದ್ಯಾಳ. ಇವತ್ತು ಯಾರ ಕೆಲಸ ಅಂತ ಆಕಿಗೆ ತಿಳಿದೈತಿ, ಅದಕ್ಕ ಬಾಯಿ ಬಿಡವಲ್ಲಳು."

"ದಾರ, ಕಾಗದ, ಗೊಬ್ಬರ, ಹೆಣ್ಣಾಳು ಒಂದು," ಅನ್ನಮ್ಮ ಎದ್ದು ನಿಂತಳು. ಒಮ್ಮೆ ಕೇಳಿದ್ದು ಅವಳಿಗೆ ಬಾಯಿಪಾಠವಾಗಿತ್ತು. "ಗೊಬ್ಬರ ಆದ ಮ್ಯಾಲೆ ನಾನು. ಮ್ಯಾಡಂ, ನಿಮಗ ಮೊಗ್ಗು ಹಿಡಿಯಾಕ ಬರತಿರಲಿಲ್ಲ. ನಿಮ್ಮ ಉಗುರು ಸೀಳಿದಾಗ ಅರಿಶಿಣ ಹಚ್ಚಿ ಕಲಿಸಿದೆ. ಗಿಡಕ್ಕ ಹುಡುಗರ ಹೆಸರು, ಕಾಗದದಾಗ ನಿಮ್ಮ ಹೆಸರು, ಹೊಲಕ್ಕ ಇಳಿಯದ ಸಾರಿನ ಹೆಸರು. ನನ್ನ ಹೆಸರಿಲ್ಲಂದ್ರ ಯಾರ ಹೆಸರೂ ಬ್ಯಾಡ ಅನಿಸ್ತು, ಬಿಚ್ಚಿದೆ." ಆಮೇಲೆ ಅವಳು ಕಾವ್ಯಳ ಕಡೆ ತಿರುಗಿದಳು. "ಈ ಕೂಸಿನ ಮ್ಯಾಲೆ ಹೊರಿಸಿದಾಗ ನಾ ಬಾಯಿ ಬಿಡಬೇಕಿತ್ತು. ಅಂಜಿದೆ. ಅದೊಂದು ನನ್ನ ತಪ್ಪು."

ಗುರುಪ್ರಸಾದನಿಗೆ ಭೂಮಿಯೊಳಗೆ ಇಳಿದು ಹೋದರೆ ಸಾಕೆನಿಸಿತು. ಆ ಸಾಲನ್ನು ಟೈಪ್ ಮಾಡಿದ ಕೈ ತನ್ನದೇ. ಕಾಗುಣಿತ ನೋಡಿದ್ದ, ಅಂಚು ನೋಡಿದ್ದ. ಅಲ್ಲೊಬ್ಬಳು ಮನುಷ್ಯಳಿರುವುದನ್ನು ನೋಡಿರಲಿಲ್ಲ. ಶೈಲಜಾ ಮಾತ್ರ ನೆಟ್ಟಗೆ ಅನ್ನಮ್ಮನ ಮುಂದೆ ಹೋಗಿ ನಿಂತಳು.

"ಅರ್ಜಿಯಾಗ ಆ ಅಂಕಣ ಹಂಗಿತ್ತು, ನಾನು ಹಂಗ ತುಂಬಿದೆ," ಎಂದಳು. "ಒಂದು ಸಲನೂ ಯೋಚನೆ ಮಾಡಲಿಲ್ಲ. ನನಗ ನಾಚಿಕಿ ಆಗ್ತೈತಿ ಅನ್ನಮ್ಮ."

"ಚೀಟಿ ಎಲ್ಲಿ?" ಜಯಾಬಾಯಿ ಕೇಳಿದರು. "ಸುಟ್ಟಿರಲಾರೆ ನೀನು."

ಅನ್ನಮ್ಮ ಬುತ್ತಿಯ ಗಂಟು ಬಿಚ್ಚಿದಳು. ಓದು ಬಾರದವಳು, ಆದರೆ ಒಂದೊಂದು ಸಾಲಿನ ಚೀಟಿಗಳನ್ನು ಗಿಡದ ಕ್ರಮ ತಪ್ಪದಂತೆ ಒಂದೊಂದು ದಾರಕ್ಕೆ ಪೋಣಿಸಿದ್ದಳು. ಹುಡುಗರು ಹೋ ಎಂದು ಸಾಲಿಗೆ ನುಗ್ಗಿದರು. ಎರಡೂವರೆಯ ಹೊತ್ತಿಗೆ ಮುನ್ನೂರೂ ಗಿಡದ ಮೇಲಿದ್ದವು. ಅಷ್ಟರಲ್ಲಿ ಶೈಲಜಾ ಅರ್ಜಿಯ ಪ್ರತಿಯಲ್ಲಿ ಸಾಮಗ್ರಿಯ ಕೊನೆಯ ಪದಗಳನ್ನು ಹೊಡೆದುಹಾಕಿ, ಬೋಧಕಿ ಎಂದಿದ್ದಲ್ಲಿ ತನ್ನ ಹೆಸರಿಗಿಂತ ಮೇಲೆ ಅನ್ನಮ್ಮನ ಹೆಸರು ಬರೆದಿದ್ದಳು.

"ವಿದ್ಯಾರ್ಹತೆ ಅನ್ನೋ ಅಂಕಣ ಐತಲ್ಲ?" ವ್ಯಾಸರಾಜರು ಕೇಳಿದರು. "ಅಲ್ಲಿ ಏನು ಬರೀತಿ? ಸಿಗೋ ನೆರವೂ ಕೈ ಬಿಡತೈತಿ ನೋಡು."

"ಬಿಟ್ರ ಬಿಡ್ಲಿ ಸರ್," ಎಂದಳು ಶೈಲಜಾ. ಆ ಅಂಕಣವನ್ನು ಖಾಲಿಯೇ ಬಿಟ್ಟು ಪೆನ್ನು ಮುಚ್ಚಿದಳು.

ಮೂರಕ್ಕೆ ಸರಿಯಾಗಿ ಕಾರು ಬಂತು. ಪ್ರತಿಷ್ಠಾನದಿಂದ ಬಂದಾಕೆ ಶುಭಾ, ಕನ್ನಡಕದ ಮೇಲಿಂದ ನೋಡುವ, ಹೆಚ್ಚು ನಗದ ಹೆಣ್ಣುಮಗಳು. ಚೀಟಿಗಳನ್ನು ಸಾಲು ಸಾಲಾಗಿ ನೋಡಿದರು, ಹುಡುಗರನ್ನು ಕೆದಕಿ ಕೆದಕಿ ಪ್ರಶ್ನೆ ಕೇಳಿದರು. ಆಮೇಲೆ ತಿದ್ದಿದ ಪುಟ ನೋಡಿ ಖಾಲಿ ಅಂಕಣದ ಮೇಲೆ ಬೆರಳಿಟ್ಟರು. "ಮೊದಲ ಬೋಧಕಿ ಏನು ಓದಿದ್ದಾರೆ?" ಎಂದು ತೆಲುಗಿನಲ್ಲಿ ಕೇಳಿದರು.

ಶೈಲಜಾ ಅನ್ನಮ್ಮನ ಕಡೆ ತಿರುಗಿದಳು. ಅನ್ನಮ್ಮ ಒಂದು ಮೊಗ್ಗನ್ನು ಗಿಡದಲ್ಲೇ ಬಗ್ಗಿಸಿ ಹಿಡಿದು, ಶುಭಾ ಅವರ ಹೆಬ್ಬೆರಳನ್ನು ಅದರ ಬುಡಕ್ಕೆ ಕೂರಿಸಿದಳು.

"ಉಗುರು ಇಲ್ಲಿ ಇಡ್ರಿ. ಮೆಲ್ಲಕ ತಿರುವ್ರಿ."

ಮೊಗ್ಗು ಮುರಿದು ಕೈಗೆ ಬಂತು. "ಹೋತು ಇದು," ಎಂದಳು ಅನ್ನಮ್ಮ, "ಇನ್ನೊಂದು ಹಿಡೀರಿ." ಎರಡನೆಯದೂ ಹೋಯಿತು. ಶುಭಾ ಚಪ್ಪಲಿ ಬಿಟ್ಟು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಅನ್ನಮ್ಮ ಪಕ್ಕದಲ್ಲಿ ಕುಳಿತು, ಬೈಯದೆ, ಅವಸರಪಡಿಸದೆ, ಆ ಬೆರಳನ್ನು ಮತ್ತೆ ಮತ್ತೆ ಸರಿ ಮಾಡಿದಳು. ಐದನೆಯ ಮೊಗ್ಗಿನ ಸಿಪ್ಪೆ ಉಂಗುರದಂತೆ ಬಿಟ್ಟುಕೊಂಡು ಬಂದಾಗ ಶುಭಾ ಅವರ ಮುಖದಲ್ಲಿ ಇಪ್ಪತ್ತರ ಹುಡುಗಿಯ ನಗು ಕಾಣಿಸಿಕೊಂಡಿತು.

"ಇದು ಬಂತು ನೋಡ್ರಿ," ಅನ್ನಮ್ಮ ಅದಕ್ಕೆ ಕೆಂಪು ಟೊಪ್ಪಿಗೆ ಹಾಕಿದಳು. "ಆದ್ರ ಅರ್ಧ ಪಾಠ ಆತು ಅಷ್ಟ. ಉಳಿದರ್ಧ ನಾಳೆ ಮುಂಜಾನಿ ಎಂಟಕ್ಕ. ತಡ ಮಾಡಿದ್ರ ನಾ ಕಲಸೂದಿಲ್ಲ."

ಆ ಸಂಜೆ ಹೈದರಾಬಾದಿಗೆ ಹೊರಡಬೇಕಿದ್ದ ಕಾರು ಗದ್ವಾಲದಲ್ಲೇ ಉಳಿಯಿತು. ಮರುದಿನ ಏಳೂಮುಕ್ಕಾಲಿಗೆ ಅದು ಹೊಲದ ಬದುವಿನ ಪಕ್ಕ ಬಂದು ನಿಂತಿತ್ತು.