ಹಿಂದಿನ ಸೀಟಿನ ಕೆಳಗೆ

ಡಿಸೆಂಬರ್ ಒಂಬತ್ತರ ಬೆಳಿಗ್ಗೆ ಟ್ಯಾಕ್ಸಿ ಚಾಲಕಿ ತೊಮಾಸಾ ಸಾನ್ ಎಲಿಯಾಸ್ ಗುಡ್ಡದ ಠಾಣೆಗೆ ಬಂದು ಕಾರಿನ ಕೀಲಿಯನ್ನು ಮೇಜಿನ ಮೇಲೆ ಕುಕ್ಕಿದಳು.

“ನನ್ನ ಕಾರಿಗೆ ಯಾರೋ ಬೆಂಕಿ ಹಚ್ಚೋಕೆ ನೋಡ್ತಿದಾರೆ. ಬರ್ಕೊಳ್ಳಿ.”

ಇನ್ಸ್‌ಪೆಕ್ಟರ್ ಹೆರ್ಮಿನಿಯಾ ಸಲ್ದಿವಾರ್ ಪೆನ್ನು ತೆಗೆದಳು. “ಬೆಂಕಿ ನೋಡಿದ್ರಾ?”

“ಇಲ್ಲ. ಸುಟ್ಟ ವಾಸನೆ.”

“ಕ್ಲಚ್ ಇರಬೇಕು, ದೋನ್ಯಾ ತೊಮಾಸಾ,” ಎಂದ ಕಾನ್‌ಸ್ಟೆಬಲ್ ಬಾರ್ರಗಾನ್. “ಈ ಏರಿನಲ್ಲಿ ಯಾರ ಕ್ಲಚ್ ಸುಡಲ್ಲ ಹೇಳಿ?”

“ನಿನ್ನ ತಲೆ! ಕ್ಲಚ್ ಸುಟ್ಟರೆ ಒಂದು ವಾಸನೆ, ನಾರು ಸುಟ್ಟರೆ ಇನ್ನೊಂದು. ಅಷ್ಟೂ ಗೊತ್ತಾಗದೆ ಈ ಗುಡ್ಡ ಹತ್ತಿಸ್ತಿದೀನಾ?”

ಅವಳ ಸ್ಟ್ಯಾಂಡಿನ ಇನ್ನೂ ಮೂರು ಟ್ಯಾಕ್ಸಿಗಳಲ್ಲೂ ಅದೇ ವಾಸನೆ. ಎರಡು ದಿನದ ನಂತರ, ಶುಕ್ರವಾರ, ಸಾರಿಗೆ ಕಚೇರಿಯಲ್ಲಿ ವಿಚಾರಣೆ. ‘ಹಳೆಯ ವೋಚೊ ಕಾರುಗಳು ಹೊತ್ತಿಕೊಳ್ಳುತ್ತವೆ, ಅವನ್ನು ತೆಗೆದು ಈ ಮಾರ್ಗವನ್ನು ನಮಗೆ ಕೊಡಿ’ ಎಂದು ಒಂದು ವ್ಯಾನ್ ಕಂಪನಿ ಅರ್ಜಿ ಹಾಕಿತ್ತು. ವಾಸನೆಗೆ ಕಾರಣ ಸಿಗದಿದ್ದರೆ ಗುಡ್ಡದ ಎಲ್ಲ ವೋಚೊಗಳೂ ರಸ್ತೆಯಿಂದ ಹೊರಗೆ.

ಆ ಕಂಪನಿಯ ವ್ಯಾನುಗಳು ಗುಡ್ಡದ ಅರ್ಧಕ್ಕೇ ನಿಲ್ಲುತ್ತವೆ. ಮೇಲಿನ ಅರ್ಧಕ್ಕೆ ನೀರಿನ ಕ್ಯಾನು, ಸಿಮೆಂಟ್ ಮೂಟೆ, ಬಸುರಿ, ಹೆಣ ಎಲ್ಲವನ್ನೂ ಹೊತ್ತದ್ದು ವೋಚೊ ಎಂಬ ಈ ಗುಂಡು ಬೆನ್ನಿನ ಪುಟ್ಟ ಕಾರುಗಳೇ. ಒಂದು ಬಸ್ಸೂ ಕೊಡದ ಸರ್ಕಾರಕ್ಕೆ ಈಗ ದಿಢೀರನೆ ಬಡವರ ಸುರಕ್ಷತೆಯ ಚಿಂತೆ ಹತ್ತಿತ್ತು. ಹೆರ್ಮಿನಿಯಾ ಹುಟ್ಟಿದ್ದೂ ಅಂಥದೊಂದು ಕಾರಿನಲ್ಲೇ, ಆಸ್ಪತ್ರೆಗೆ ಇಳಿಯುವ ದಾರಿಯಲ್ಲಿ. ಅವಳು ಎಫ್‌ಐಆರ್ ದಾಖಲಿಸಿದಳು.

ಮೊದಲು ಎಂಜಿನ್ ನೋಡಿದರು. ಎಣ್ಣೆ ಸೋರಿರಲಿಲ್ಲ. ಬ್ರೇಕ್ ಕಚ್ಚಿಕೊಂಡಿರಲಿಲ್ಲ. ಬಾರ್ರಗಾನ್ ಒಬ್ಬನೇ ಕಾರನ್ನು ಗುಡ್ಡ ಹತ್ತಿಸಿ ಇಳಿಸಿದ. ವಾಸನೆಯೇ ಇಲ್ಲ.

“ಇಬ್ಬರು ಮೆಕ್ಯಾನಿಕ್‌ಗಳೂ ಇದನ್ನೇ ಹೇಳಿದ್ರು,” ಎಂದಳು ತೊಮಾಸಾ. “ನನಗೇ ಹುಚ್ಚು ಅಂದ್ರು.”

“ವಾಸನೆ ಬಂದಾಗ ಕಾರಲ್ಲಿ ಯಾರಿದ್ರು?”

“ತಮಾಲೆ ಕಡುಬು ಮಾರೋ ರೆಮೆದಿಯೋಸ್, ಅವಳ ಹಂಡೆ, ಅವಳ ಅಕ್ಕ.”

ಹೆರ್ಮಿನಿಯಾ ಕಾರಿನೊಳಗೆ ಇಣುಕಿದಳು. ಜನ ಹತ್ತಿ ಇಳಿಯಲು ಅನುಕೂಲವಾಗಲೆಂದು ಇಲ್ಲಿನ ಟ್ಯಾಕ್ಸಿಗಳಲ್ಲಿ ಚಾಲಕನ ಪಕ್ಕದ ಸೀಟನ್ನು ಕಿತ್ತುಹಾಕಿರುತ್ತಾರೆ. ಬಂದವರೆಲ್ಲ ಹಿಂದೆಯೇ ಕೂರಬೇಕು. ಪರೀಕ್ಷೆ ಮಾಡಿದವರೆಲ್ಲ ಕೂತದ್ದು ಮುಂದೆ, ಚಾಲಕನ ಸೀಟಿನಲ್ಲಿ, ಒಬ್ಬೊಬ್ಬರೇ.

“ಬಾರ್ರಗಾನ್, ಹಿಂದೆ ಕೂರು. ಅಡುಗೆಯವನನ್ನೂ ಕರಿ. ಬರೆಯೋ ರೈಟರನ್ನೂ ಕರಿ.”

“ಮೂವರೂನಾ ಮೇಡಂ? ನಾವು ದಪ್ಪ...”

“ಅದಕ್ಕೇ. ಆ ಹೊಟ್ಟೆಗಳಿಗೆ ಇವತ್ತು ಸರ್ಕಾರಿ ಕೆಲಸ.”

ಹೆರ್ಮಿನಿಯಾ ಮುಂದೆ ಸೀಟು ಕಿತ್ತ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಳು, ತೊಮಾಸಾ ಹೊರಟಳು. ಕಲ್ಲುಹಾಸಿನ ಎರಡನೆಯ ತಿರುವಿನಲ್ಲಿ ಕಾರು ಕುಲುಕಿತು. ಬಲಗಡೆ ಕೂತಿದ್ದ ಬಾರ್ರಗಾನ್ ಚೀರಿದ.

“ಮೇಡಂ! ನನ್ನ ಕುಂಡೆ ಬೇಯ್ತಿದೆ!”

ಸೀಟು ಎತ್ತಿದರು. ಅದರಡಿ ಬ್ಯಾಟರಿ. ಅದರ ಮೇಲಿರಬೇಕಾದ ಪ್ಲಾಸ್ಟಿಕ್ ಮುಚ್ಚಳವೇ ಇಲ್ಲ. ಭಾರ ಬಿದ್ದಾಗೆಲ್ಲ ಸೀಟಿನ ಸ್ಪ್ರಿಂಗ್ ಕೆಳಗಿಳಿದು ಬ್ಯಾಟರಿಯ ತುದಿಗೆ ತಾಗಿ, ಕಾದು, ತುಂಬಿದ್ದ ತೆಂಗಿನ ನಾರನ್ನು ಸುಡುತ್ತಿತ್ತು. ಉಳಿದ ಮೂರು ಕಾರುಗಳಲ್ಲೂ ಮುಚ್ಚಳ ಇರಲಿಲ್ಲ. ಪಂಚರ ಮುಂದೆ ಪಂಚನಾಮೆ ಆಯಿತು.

ನಾಲ್ಕೂ ಕಾರುಗಳಿಗೆ ಹಬ್ಬಕ್ಕೆಂದು ಹೊಸ ಸೀಟುಬಟ್ಟೆ ಹೊಲಿಸಿದ್ದರು. ಹನ್ನೆರಡನೇ ತಾರೀಖು ಗ್ವಾದಲೂಪೆ ತಾಯಿಯ ಹಬ್ಬ. ಅಂದು ಪಾದ್ರಿ ಕಾರುಗಳಿಗೆ ತೀರ್ಥ ಚಿಮುಕಿಸುತ್ತಾರೆ. ಹೊಲಿದವನು ಕ್ರೆಸೆನ್ಸಿಯೊ. ಪ್ರಶ್ನೆ ಕೇಳಿ ಅವನಿಗೆ ಮೈ ಉರಿಯಿತು.

“ನಾನು ಮುಚ್ಚಳ ಹಾಕದೆ ಸೀಟು ಕೂರಿಸ್ತೀನಾ? ಮುಚ್ಚಳದ ಬೆಲ್ಟು ಬಿಗಿದು ಕೊಟ್ಟಿದೀನಿ. ಈ ಅಂಗಡಿಯಿಂದ ಅರೆಬರೆ ಕೆಲಸ ಹೊರಗೆ ಹೋಗಿಲ್ಲ.”

“ಕಾರುಗಳನ್ನ ತಗೊಂಡು ಹೋದದ್ದು ಯಾರು?”

“ನಿಕಾನೊರ್. ನಾಲ್ಕನ್ನೂ ಅವನೇ. ಅವನಿಗೆ ಓಡಿಸೋಕೆ ಬಿಡಲ್ವಲ್ಲ, ಹುಡುಗರ ಕೈಲಿ ಸ್ಟ್ಯಾಂಡಿಗೆ ತಳ್ಳಿಸಿಕೊಂಡು ಹೋದ.”

ನಿಕಾನೊರ್ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಗಳ ಸರದಿ ಕೂಗುವವನು. ಈ ಗುಡ್ಡಕ್ಕೆ ಮೊದಲ ವೋಚೊ ಹತ್ತಿಸಿದವನು. ಕಣ್ಣಿಗೆ ಪೊರೆ ಬಂದ ಮೇಲೆ ಸಂಘದವರೇ ಅವನನ್ನು ಸ್ಟೀರಿಂಗ್‌ನಿಂದ ಎಬ್ಬಿಸಿದ್ದರು.

ಅದೇ ಸಂಜೆ ಅವನ ಮನೆಯ ಶೋಧ. ಮಾಳಿಗೆಯ ಮೇಲೆ ನಾಲ್ಕು ಮುಚ್ಚಳಗಳು, ಉಜ್ಜಿ ತೊಳೆದು ಒಂದರ ಮೇಲೊಂದು ಜೋಡಿಸಿದ್ದವು.

“ಇವನ್ನ ಯಾಕೆ ಎಸೀಲಿಲ್ಲ?” ಹೆರ್ಮಿನಿಯಾ ಕೇಳಿದಳು.

“ಕೀಳು ಅಂದದ್ದು ವ್ಯಾನ್ ಕಂಪನಿ ಏಜೆಂಟ್ ಮೇಡಂ. ಆದ್ರೆ ಇವು ಒಳ್ಳೇ ಸಾಮಾನು. ಯಾರ ಕಾರಿಗಾದ್ರೂ ಬೇಕಾಗತ್ತೆ. ಎಸೆಯೋಕೆ ಕೈ ಬರಲಿಲ್ಲ.”

ಅವಳಿಗೆ ಅದು ಅರ್ಥವಾಯಿತು. ಒಡೆದ ಬೋಲ್ಟನ್ನೂ ಎಸೆಯದ ಗುಡ್ಡ ಇದು. ಹಾಗಾಗಿಯೇ ಈ ಕಾರುಗಳು ಇನ್ನೂ ಓಡುತ್ತಿವೆ.

ಗುರುವಾರ ಅದೇ ಮುಚ್ಚಳಗಳನ್ನು ಹಾಕಿದರು. ಕ್ರೆಸೆನ್ಸಿಯೊ ಸುಟ್ಟ ನಾರು ತೆಗೆದು ಹೊಸದು ತುಂಬಿದ, ಬಗ್ಗಿದ ಸ್ಪ್ರಿಂಗ್ ಬದಲಿಸಿದ, ದುಡ್ಡು ಮುಟ್ಟಲಿಲ್ಲ. ಶುಕ್ರವಾರ ಸಾರಿಗೆ ಅಧಿಕಾರಿಯನ್ನು ರೆಮೆದಿಯೋಸ್ ಮತ್ತು ಅವಳ ಅಕ್ಕನ ನಡುವೆ ಕೂರಿಸಿ ತುದಿಯವರೆಗೆ ಹತ್ತಿಸಿದರು. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನಿಂತಿದ್ದರು. ತಮಾಲೆಯದು ಬಿಟ್ಟು ಬೇರೆ ವಾಸನೆ ಇರಲಿಲ್ಲ. ಕಂಪನಿಯ ಅರ್ಜಿ ವಜಾ ಆಯಿತು.

ಮಧ್ಯಾಹ್ನ ಮೇಲಿನ ಕಚೇರಿಯಿಂದ ಫೋನು ಬಂತು. “ಮುದುಕನ ಮೇಲೆ ಹಾಕಿ ಮುಗಿಸು. ಕಂಪನಿ ಹೆಸರು ಯಾಕೆ?”

“ಮುಚ್ಚಳ ಕಿತ್ತದ್ದು ಅವನು ಸರ್. ಕೀಳಿಸಿದ್ದು ಅವರ ಏಜೆಂಟ್. ಎರಡನೇ ಆರೋಪಿ ಅಂತ ಬರೆದು ಸಹಿ ಹಾಕಿ ಆಯ್ತು.”

ಬಂಧನದ ಹೊತ್ತಿಗೆ ನಿಕಾನೊರ್ ಶುಭ್ರ ಅಂಗಿ ತೊಟ್ಟು ತಾನೇ ಠಾಣೆಗೆ ಬಂದು ಕೂತಿದ್ದ. ತೊಮಾಸಾ ಠಾಣೆಯ ಬಾಗಿಲಲ್ಲಿ ನಿಂತಿದ್ದಳು.

“ಏಜೆಂಟ್ ಏನು ಕೊಡ್ತೀನಿ ಅಂದ?” ಹೆರ್ಮಿನಿಯಾ ಕೇಳಿದಳು.

“ವ್ಯಾನು. ಓಡಿಸೋಕೆ. ಕಣ್ಣಿನ ಪರೀಕ್ಷೆ ಮಾಡಲ್ಲ ಅಂದ.” ಅವನು ಕೈಗಳನ್ನು ನೋಡಿಕೊಂಡ. “ಬೆಂಕಿ ಹತ್ತಲಿ ಅಂತ ಅಲ್ಲ. ಬರೀ ವಾಸನೆ ಸಾಕು ಅಂದಿದ್ದ. ಸರದಿ ಕೂಗೋನು, ಸರದಿ ಕೂಗೋನು ಅಂತಾರೆ ಎಲ್ಲ. ಡ್ರೈವರ್ ಅಂತ ಒಬ್ಬರೂ ಕರೆಯಲ್ಲ.”

ತೊಮಾಸಾ ಒಳಗೆ ಬಂದಳು. ಬಯ್ಯುತ್ತಾಳೆಂದು ಬಾರ್ರಗಾನ್ ಅಡ್ಡ ಬರಲು ಎದ್ದ.

“ನನಗೆ ಗೇರ್ ಹಾಕೋದು ಕಲಿಸಿದ್ದು ನೀನು,” ಎಂದಳು ಅವಳು. “ಭಾನುವಾರ ಸಂತೆ ಮೈದಾನದಲ್ಲಿ ಒಂದು ಸುತ್ತು ಓಡಿಸ್ತೀನಿ ಅಂತ ಕೇಳಿದ್ರೆ ನಾನು ನನ್ನ ಕಾರಿನ ಕೀಲಿ ಕೊಡ್ತಿರಲಿಲ್ವಾ, ಅಣ್ಣಾ?”