ಕೋಳಿ ವಾಪಸ್ ಕೊಟ್ಟವನು

"ಅಮ್ಮ ಉಡುಗೊರೆ ಕೊಟ್ಟ ಕೋಳಿ ವಾಪಸ್ ಕೊಡೋಕೆ ನಿನಗೆ ಮನಸ್ಸಾದ್ರೂ ಹೇಗೆ ಬಂತು ರೂಯಿ? ಅಮ್ಮನ ಮುಖಕ್ಕೆ ಉಗಿದ ಹಾಗಾಯ್ತು!"

ತಿವೊಂಗೆಯ ದನಿಗೆ ಶಾಲೆಯ ಅಂಗಳದಲ್ಲಿ ಬೆಂಚು ಹೊರುತ್ತಿದ್ದ ಗಂಡಸರೂ ನಿಂತುಬಿಟ್ಟರು.

"ವಿಮಾನದಲ್ಲಿ ಜೀವಂತ ಕೋಳಿ ಹೇಗೆ ಒಯ್ಯಲಿ? ನಿಮ್ಮನೇಲಿ ಮೊಟ್ಟೆ ಇಡೋದು ಅದೊಂದೇ. ಪಾಪ ಅಂತ..."

"ಪಾಪ! ನಮ್ಮನ್ನ ನೋಡಿ ಪಾಪ ಅಂದ್ಯಾ? ಕುಯ್ದು ತಿನ್ನು, ಲಾರಿಯವನಿಗೆ ಕೊಡು, ನೀರಿಗೆ ಎಸಿ! ಕೈಯಲ್ಲಿ ಇಸ್ಕೊಂಡಾದ್ರೂ ಹೋಗ್ಬೇಕಿತ್ತು. ವಾಪಸ್ ಕೊಟ್ರೆ, ಈ ಮನೆ ಹೊಸ್ತಿಲು ಇನ್ನು ತುಳಿಯಲ್ಲ ಅಂತ ಅರ್ಥ. ಅಮ್ಮ ಬೆಳಗ್ಗಿಂದ ಒಲೆ ಹಚ್ಚಿಲ್ಲ."

ರೂಯಿಯ ಮುಖ ಬಿಳಿಚಿತು. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ!

ಮಲಾವಿಯ ಚಿಂತೇಚೆ ಎಂಬ ಈ ಊರಿಗೆ ಅವನು ಪೋರ್ಚುಗಲ್‌ನಿಂದ ಬಂದು ವರ್ಷವಾಗಿತ್ತು. ಸಂಬಳವಿಲ್ಲದೆ ಶಾಲೆಗೆ ಚಾವಣಿ ಹೊದಿಸಿದ. ಅಲ್ಲೇ ಎರಡನೇ ತರಗತಿಗೆ ಪಾಠ ಹೇಳುವ ತಿವೊಂಗೆಯ ಮನೆಯಲ್ಲಿ ಉಂಡ. ಇವತ್ತು ಹೊರಟಿದ್ದಾನೆ.

ಅವಳ ತಾಯಿ ನ್ಯಾಚಿರ್ವಾ ಮನೆಯ ಜಗಲಿಯಲ್ಲಿ ಮರಗೆಣಸು ಸುಲಿಯುತ್ತಿದ್ದಳು. ರೂಯಿ ಅಲ್ಲಿಗೆ ಹೋಗಿ ಅವಳ ಮುಂದೆ ಮಂಡಿಯೂರಿದ.

"ಅಮ್ಮ, ತಪ್ಪಾಯ್ತು. ಗೊತ್ತಿರಲಿಲ್ಲ..."

"ಏಳು ಮಗಾ. ನಿಮ್ಮೂರಲ್ಲಿ ಕೋಳಿಗೂ ಪಾಸ್‌ಪೋರ್ಟ್ ಕೇಳ್ತಾರೇನೋ!"

ಮಾತು ನಕ್ಕಿತು. ಕಣ್ಣು ನಗಲಿಲ್ಲ.

"ಏ ತಿವೊಂಗೆ, ಸ್ವಲ್ಪ ದೂರ ಜೊತೆಗೆ ಹೋಗಿ ಬಾ. ಬಾಗಿಲಿಂದಲೇ ಕಳಿಸೋಕೆ ಅವನೇನು ಕಳ್ಳನಾ?"

ಇಬ್ಬರೂ ಮರಗೆಣಸಿನ ಹೊಲದ ನಡುವೆ ನಡೆದರು. ಬೆಳಗ್ಗೆ ಕೈಕುಲುಕುವಾಗ ಗೆಳೆಯರೆಲ್ಲ ಅತ್ತಿದ್ದರು. ಬಡಗಿ ಕೊಂಡ್ವಾನಿ ಕೂಡ! ತಿವೊಂಗೆಗೆ ಮಾತ್ರ ಅಳು ಬರಲಿಲ್ಲ. ಎದೆ ಮರಗಟ್ಟಿತ್ತು. ತನ್ನ ಕಾಲು ಇನ್ಯಾರದೋ ಕಾಲಿನಂತೆ ನಡೆಯುತ್ತಿತ್ತು.

"ನಿನಗೆ ಏನೂ ಅನ್ನಿಸ್ತಿಲ್ವಾ?"

"ಇಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ."

ಅವನು ಚೀಲ ಕೆಳಗಿಟ್ಟ.

"ತಿವೊಂಗೆ... ನಾನು ನಿನ್ನ ಪ್ರೀತಿಸ್ತೀನಿ."

"ಗೊತ್ತು. ಊರಿಗೆಲ್ಲ ಗೊತ್ತು. ಆ ಕೋಳಿಗೂ ಗೊತ್ತು."

"ಹಾಗಾದ್ರೆ ಇರು ಅನ್ನು! ನಿನ್ನ ಬಾಯಿಂದ ಒಂದು ಮಾತು ಬರಲಿ, ಇಲ್ಲೇ ಇದ್ದುಬಿಡ್ತೀನಿ!"

ಎಷ್ಟು ದಿನ ಕಾದಿದ್ದ ಮಾತು! ಎದೆ ಹೊಡೆದುಕೊಳ್ಳಬೇಕಿತ್ತು. ಹೊಡೆದುಕೊಳ್ಳಲಿಲ್ಲ.

'ಇರು ಅಂದರೆ ಇರುತ್ತಾನೆ. ನಾಳೆ ಜ್ವರ ಬಂದು ಮಲಗಿದಾಗ, ಅವನ ತಾಯಿ ಅಲ್ಲಿ ಹಾಸಿಗೆ ಹಿಡಿದಾಗ, ನೀನು ಇರು ಅಂದೆ ಅಂತ ಇದ್ದೆ ಎನ್ನುತ್ತಾನೆ. ಆಗ ನಾನು ಎಲ್ಲಿಗೆ ಹೋಗಲಿ?'

"ನಾನು ಹೇಳಲ್ಲ ರೂಯಿ. ಇರಬೇಕು ಅನ್ಸಿದ್ರೆ ಇರು. ಅದನ್ನ ನನ್ನ ತಲೆ ಮೇಲೆ ಹೊರಿಸಬೇಡ."

"ಅಂದ್ರೆ... ನಿನಗೆ ನನ್ನ ಮೇಲೆ ಪ್ರೀತಿ ಇಲ್ವಾ?"

"ಇದೆ."

"ಅಷ್ಟೇನಾ?"

"ಅಷ್ಟೇ. ಇವತ್ತು ನನ್ನ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ."

ಅವನ ಅಂಗಿಯ ಗುಂಡಿ ಬಿಚ್ಚಿಕೊಂಡಿತ್ತು. ಅವಳು ಹಾಕಿದಳು. ಅವನು ಆ ಬೆರಳುಗಳನ್ನು ಹಿಡಿದುಕೊಂಡ.

"ತಣ್ಣಗಿದೆ ನಿನ್ನ ಕೈ."

"ಹೂಂ. ಊಟ ಸರಿಯಾಗಿ ಮಾಡು ಅಲ್ಲಿ."

"ನೀನೂ."

ಟಾರು ರಸ್ತೆ ಬಂತು. ಬೀಳ್ಕೊಡಲು ಬಂದವರು ಅಲ್ಲಿಂದಾಚೆ ಹೋಗದಿರುವುದು ಊರ ರೂಢಿ.

"ಹೋಗಲಾ?" ಎಂದ. ಆದರೆ ಅಲ್ಲಾಡಲಿಲ್ಲ. ಅವಳ ಬಾಯನ್ನೇ ನೋಡುತ್ತಾ ನಿಂತ.

ತಿವೊಂಗೆ ಕೈ ಬಿಡಿಸಿಕೊಂಡು ತಿರುಗಿದಳು. ಹೊಲದ ದಾರಿ ಹಿಡಿದಳು. ಹಿಂದೆ ಓಡಿ ಬರುತ್ತಾನಾ? ಕಿವಿಗೊಟ್ಟಳು. ಹೆಜ್ಜೆ ಸದ್ದಿಲ್ಲ.

"ತಿವೊಂಗೆ!"

ಹೆಸರಷ್ಟೇ ಬಂತು. ಅವನು ಬರಲಿಲ್ಲ. ಅವಳು ನಿಲ್ಲಲಿಲ್ಲ.

ರಸ್ತೆಯಲ್ಲಿ ಜನ ತುಂಬಿದ ಲಾರಿ ಬಂದು ನಿಂತಿತು.

"ಹತ್ತೋದಾದ್ರೆ ಹತ್ತಪ್ಪಾ! ಯಾರಿಗೆ ಕಾಯ್ತಾ ಇದೀಯಾ?"

"ಒಂದ್ನಿಮಿಷ ತಾಳಿ," ಎಂದ ರೂಯಿ, ಹೊಲದ ಕಡೆಗೇ ನೋಡುತ್ತಾ. "ಅವಳು ಬರ್ತಾಳೆ."

ಅವಳು ಬರಲಿಲ್ಲ.